ಮೆಟ್ಟಿಲಿಗೆ ಉಪ್ಪು ಹಾಕಿದ್ರಾ?

ನಮ್ಮ ಮೊಮ್ಮಗಳಿಗೆ ಹೆಸರು ಬಂತು! ನಿನ್ನೆ ಸಂಜೆ, ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಬಂತು. ಮಗು ಹುಟ್ಟಿದ್ದು ಹಳೆಯ ಸುದ್ದಿ. ಅವಳು ಆಗಲೇ ನಗಲು ಕಲಿತಿದ್ದಾಳೆ, ಮುಷ್ಟಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಳ್ಳಲು ಕಲಿತಿದ್ದಾಳೆ. ಹೆಸರೊಂದು ಮಾತ್ರ ಇರಲಿಲ್ಲ. ಯಾಕೆ ಇರಲಿಲ್ಲ? ದಾರಿಯಲ್ಲಿ ಹಿಮ ಬಿದ್ದಿತ್ತು! ಹಿಮಕ್ಕೂ ಹೆಸರಿಗೂ ಏನು ಸಂಬಂಧ ಎಂದು ಕೇಳುತ್ತೀರಾ? ತಡೆಯಿರಿ, ಹೇಳುತ್ತೇನೆ. ಸಂತೋಷದಲ್ಲಿ ನನಗೆ ಮಾತು ಹಿಂದುಮುಂದಾಗುತ್ತಿದೆ. ಎದುರು ಸಿಕ್ಕಿದವರ ಬಾಯಿಗೆಲ್ಲ ಸಕ್ಕರೆ ಹಾಕಿದ್ದೇನೆ. ಕೆಳಗಿನ ಅಂಗಡಿಯ ಮಲಯಾಳಿ ಹುಡುಗನಿಗೆ ಎರಡು ಸಲ ಕೊಟ್ಟೆನಂತೆ. ಸಕ್ಕರೆಯೂ ಅವನ ಅಂಗಡಿಯದೇ!

ಹೆಸರಿನ ಕತೆ ಹೇಳಬೇಕಾದರೆ ಮೊದಲು ಒಬ್ಬ ಮನುಷ್ಯನ ಕತೆ ಹೇಳಬೇಕು. ಮಸ್ಕತ್ತಿನ ಬಿಸಿಲಿನಲ್ಲಿ ಕೂತು, ಏಳು ಸಮುದ್ರದ ಆಚೆಯ ಹಿಮದ ಜೊತೆ ಜಗಳ ಕಾಯ್ದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರುವುದು. ಅವರಿಗೆ ದಿನಾ ಅನ್ನ ಬಡಿಸುವವಳು ನಾನು!

ಇವರು ನನ್ನ ಯಜಮಾನರು. ಹೆಸರು ಹೇಳುವುದಿಲ್ಲ. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದುಂಟೇ? ಆಸ್ಪತ್ರೆಯಲ್ಲಿ ನರ್ಸು ಕೇಳಿದರೂ ನಾನು ಮಗನ ಮುಖ ನೋಡುತ್ತೇನೆ. ಇವರೇನು ಕಡಿಮೆಯಲ್ಲ. ಮದುವೆಯಾದ ಲಾಗಾಯ್ತು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ‘ಕೇಳಿತಾ’ ಎನ್ನುತ್ತಾರೆ. "ಕೇಳಿತಾ, ಚಾ ಉಂಟಾ?" "ಕೇಳಿತಾ, ನನ್ನ ಕನ್ನಡಕ ಎಲ್ಲಿ?" ಇದನ್ನು ಕೇಳಿ ಕೇಳಿ ಪಕ್ಕದ ಮನೆಯ ಒಮಾನಿ ಅಮ್ಮ, ಪಾಪ, ನನ್ನ ಹೆಸರೇ ಅದೆಂದು ತಿಳಿದಿದ್ದಾಳೆ. ಮೆಟ್ಟಿಲಿನಲ್ಲಿ ಕಂಡರೆ ಎದೆಯ ಮೇಲೆ ಕೈಯಿಟ್ಟು, "ಸಲಾಂ, ಕೇಳಿತಾ!" ಎನ್ನುತ್ತಾಳೆ. ನಾನೂ ಸಲಾಂ ಹೇಳುತ್ತೇನೆ. ಕರೆದ ಮೇಲೆ ಓಗೊಡದಿರಲು ಆಗುತ್ತದೆಯೇ?

ಇವರು ಮತ್ರಾದ ಸೂಕಿನಲ್ಲಿ, ಅಂದರೆ ಹಳೆಯ ಪೇಟೆಯ ಒಂದು ಗಲ್ಲಿಯಲ್ಲಿ, ದರ್ಜಿಯಾಗಿದ್ದವರು. ಇಲ್ಲಿಯ ಗಂಡಸರು ತೊಡುವ ಉದ್ದನೆಯ ಬಿಳಿ ನಿಲುವಂಗಿ ಉಂಟಲ್ಲ, ದಿಶ್ದಾಶಾ, ಅದನ್ನು ಹೊಲಿದು ಹೊಲಿದೇ ಇವರ ತಲೆಗೂದಲು ಅಂಗಿಯ ಬಣ್ಣಕ್ಕೆ ತಿರುಗಿತು. ಆ ಅಂಗಿಯ ಕೊರಳಿನಿಂದ ಒಂದು ಕುಚ್ಚು ಇಳಿಬಿದ್ದಿರುತ್ತದೆ. ಅದಕ್ಕೆ ಅತ್ತರು ಹಚ್ಚಿಕೊಳ್ಳುತ್ತಾರೆ, ನಡೆದರೆ ಗಾಳಿಯಲ್ಲಿ ಪರಿಮಳ. ಆ ಕುಚ್ಚು ಕಟ್ಟುವುದರಲ್ಲಿ ತನ್ನನ್ನು ಮೀರಿಸುವವರು ಮತ್ರಾದಿಂದ ಬರ್ಕಾದವರೆಗೆ ಯಾರೂ ಇಲ್ಲ ಎಂದು ಇವರೇ ಹೇಳುತ್ತಾರೆ. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ!

ಆಗೆಲ್ಲ ನಾನು ಊರಲ್ಲಿ, ಉಡುಪಿಯ ಬಳಿ ಕಡಲ ಬದಿಯ ಮನೆಯಲ್ಲಿ. ಎರಡು ಮಕ್ಕಳು ಹುಟ್ಟಿದಾಗಲೂ ಇವರು ಇಲ್ಲಿ. ಈಗ ಮಗ ಇಲ್ಲಿಯೇ, ಮಸ್ಕತ್ತಿನ ಖುರುಮ್ ಬಡಾವಣೆಯ ಒಂದು ಆಫೀಸಿನಲ್ಲಿದ್ದಾನೆ. ಅವನು ಮನೆ ಮಾಡಿದ ಮೇಲೆ ನಾನೂ ಬಂದೆ, ಇವರೂ ಹೊಲಿಗೆ ಮಿಷನ್ನಿಗೆ ಮುಸುಕು ಹಾಕಿದರು. ವೀಸಾಕ್ಕೆ ಸಹಿ ಹಾಕುವ ಯಜಮಾನನಿಗೆ ಇಲ್ಲಿ ಕಫೀಲ್ ಎನ್ನುತ್ತಾರೆ. ಇವರಿಗೆ ಈಗ ಮಗನೇ ಕಫೀಲ್.

"ಅಪ್ಪ, ಕಫೀಲನ ಮಾತು ಸ್ವಲ್ಪ ಕೇಳ್ಬೇಕು ಆಯ್ತಾ" ಎಂದು ಮಗ ತಮಾಷೆ ಮಾಡುತ್ತಾನೆ.

"ಆಯ್ತು ಅರಬಾಬ್, ನಿಮ್ಮ ಹುಕುಂ" ಎಂದು ಇವರು ಧಣಿಯ ಮುಂದೆ ನಿಂತ ಹಾಗೆ ಎದ್ದು ನಿಂತು ಕೈಮುಗಿಯುತ್ತಾರೆ. ಆಮೇಲೆ ತನಗೆ ಕಂಡದ್ದನ್ನೇ ಮಾಡುತ್ತಾರೆ!

ಇವರಿಗೆ ಎರಡು ಭ್ರಾಂತು. ಒಂದು, ಫೋನು ಎಂದರೆ ಕಿರುಚಬೇಕು. ಹಿಂದೆ ಸಮುದ್ರ ದಾಟಿ ಮಾತು ಕೇಳಬೇಕಾದರೆ ಕಿರುಚಲೇಬೇಕಿತ್ತು, ಒಪ್ಪುತ್ತೇನೆ. ಈಗಲೂ ಹಾಗೆಯೇ ಮಾಡಿದರೆ? ಇವರು "ಹಲೋ" ಎಂದರೆ ಕೆಳಗೆ ನಿಲ್ಲಿಸಿದ ಕಾರಿನ ಅಲಾರಂ ಹೊಡೆದುಕೊಳ್ಳುತ್ತದೆ. ಇನ್ನೊಂದು ಭ್ರಾಂತು ಅಂಚೆ. ಇಲ್ಲಿ ಅಂಚೆಯವನು ಮನೆಬಾಗಿಲಿಗೆ ಬರುತ್ತಿರಲಿಲ್ಲ. ಅಂಚೆ ಕಚೇರಿಯ ಗೋಡೆಯಲ್ಲಿ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಪೆಟ್ಟಿಗೆಗಳು, ಒಂದೊಂದಕ್ಕೂ ಬೀಗ. ನಾವೇ ಹೋಗಿ ತೆರೆದು ನೋಡಬೇಕು. ಅಂಗಡಿಯ ಪೆಟ್ಟಿಗೆಯ ಬೀಗದ ಕೈ ಇವರ ಉಡಿದಾರದಲ್ಲಿರುತ್ತಿತ್ತು. ಈಗಲೂ ಉಂಟು! ಅಂಗಡಿ ಮುಚ್ಚಿ, ಆ ಪೆಟ್ಟಿಗೆ ಬೇರೆ ಯಾರದೋ ಆಗಿ, ಬೀಗವೂ ಬದಲಾಗಿ ಬಹಳ ಕಾಲವಾಯಿತು. ಯಾಕೆ ಇಟ್ಟುಕೊಂಡಿದ್ದೀರಿ ಎಂದರೆ, "ಇರ್ಲಿ ಮಾರಾಯ್ತಿ, ಅದೆಂತ ಅನ್ನ ಕೇಳ್ತದಾ?" ಎನ್ನುತ್ತಾರೆ.

ಆ ಕಾಲದಲ್ಲಿ ನನಗೆ ಇವರ ಕಾಗದ ಬರುತ್ತಿತ್ತು. ಒಳಗೆ ಮಳೆ, ಬೆಳೆ, ದನದ ಕಾಲುನೋವಿನ ವಿಚಾರಣೆ. ಕವರಿನ ಮೇಲೆ ಮಾತ್ರ ನನ್ನ ಹೆಸರು, ಗುಂಡಗೆ, ಕುಚ್ಚು ಕಟ್ಟಿದ ಹಾಗೆ. ಬರೆಯದೆ ಏನು ಮಾಡುತ್ತಾರೆ? ‘ಕೇಳಿತಾ’ ಎಂದು ಬರೆದರೆ ಅಂಚೆಯವನಿಗೆ ಗೊತ್ತಾಗಬೇಕಲ್ಲ!

ಇರಲಿ. ನಮ್ಮ ಮಗಳು ಕೆನಡಾದಲ್ಲಿ ನರ್ಸು. ಅಳಿಯ ಅಲ್ಲಿ ಬ್ರೆಡ್ಡು ಮಾಡುವ ಕಾರ್ಖಾನೆಯಲ್ಲಿ. ಚಳಿ ಶುರುವಾಗುವಾಗ ಅವರಿಗೆ ಹೆಣ್ಣು ಮಗು ಹುಟ್ಟಿತು. ನಮ್ಮ ಮನೆತನದಲ್ಲಿ ಒಂದು ಕ್ರಮ ಉಂಟು. ಹುಟ್ಟಿದ ಮಗುವನ್ನು ಮೊದಲು ತೊಟ್ಟಿಲಿಗೆ ಹಾಕುವಾಗ ಹೊಸ ಬಟ್ಟೆ ಕೂಡದು. ಅಜ್ಜಿಯಂದಿರು ಉಟ್ಟು ಉಟ್ಟು ಬೆಣ್ಣೆಯಷ್ಟು ಮೆತ್ತಗಾದ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಹೊದಿಕೆಯಲ್ಲಿ ಸುತ್ತಿ ಮಲಗಿಸಬೇಕು. ಆಮೇಲೆ ಕಿವಿಯಲ್ಲಿ ಹೆಸರು ಹೇಳಬೇಕು. ಹೊದಿಕೆಯಿಲ್ಲದೆ ತೊಟ್ಟಿಲಿಲ್ಲ, ತೊಟ್ಟಿಲಿಲ್ಲದೆ ಹೆಸರಿಲ್ಲ. ಹುಟ್ಟುವುದಕ್ಕೆ ಮೊದಲೇ ಹೊಲಿದು ಇಡುವ ಹಾಗೂ ಇಲ್ಲ, ಅದು ಅಪಶಕುನ. ಈಗ ಗೊತ್ತಾಯಿತೇ ಹಿಮಕ್ಕೂ ಹೆಸರಿಗೂ ಏನು ಸಂಬಂಧವೆಂದು?

ಮಗು ಹುಟ್ಟಿದ ಸುದ್ದಿ ಬಂದದ್ದೇ ತಡ, ಇವರು ಮಿಷನ್ನಿನ ಮುಸುಕು ತೆಗೆದರು. ಆಮೇಲೆ ಅದೂ ಬೇಡವೆಂದು ಕೈಹೊಲಿಗೆಗೆ ಕೂತರು. ನನ್ನ ಅಮ್ಮನ ಚೌಕುಳಿ ಸೀರೆ ಒಂದು ಪದರ, ನನ್ನ ಅತ್ತೆಯ ನೀಲಿ ಸೀರೆ ಒಂದು ಪದರ, ಮೇಲೆ ನನ್ನ ಬಾಳೆಸುಳಿ ಬಣ್ಣದ್ದು. ಸೂಜಿಗೆ ದಾರ ಪೋಣಿಸುವ ಕೆಲಸ ನಮ್ಮ ಮಗನ ಮಗಳು ಪುಟ್ಟಿಯದು. ಹೊಲಿದು ಮುಗಿಸಿ ಒಂದು ಮೂಲೆಗೆ, ನೋಡುತ್ತೇನೆ, ಕುಚ್ಚು ಕಟ್ಟುತ್ತಿದ್ದಾರೆ!

"ಇದೆಂತ, ಹೆಣ್ಣು ಮಗುವಿಗೆ ದಿಶ್ದಾಶಾ ಹೊಲಿದ್ರಾ?" ಎಂದೆ.

"ಕೇಳಿತಾ, ಮಗುವಿಗೆ ಹಿಡ್ಕೊಳ್ಳಿಕ್ಕೆ ಎಂತಾದ್ರೂ ಬೇಡ್ವಾ? ಅಲ್ಲಿ ಅಜ್ಜನ ಬೆರಳು ಎಲ್ಲಿಂದ ಬರ್ಬೇಕು?"

ನಾನು ಹೊದಿಕೆಗೆ ಲೋಬಾನದ ಹೊಗೆ ಹಿಡಿದೆ. ಊರಲ್ಲಿ ಬಾಣಂತಿ ಕೋಣೆಗೆ ಹಾಕುತ್ತಿದ್ದ ಹೊಗೆಯೇ. ಅದರ ಮರ ಇರುವುದು ಈ ದೇಶದಲ್ಲಿ ಎಂದು ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾದದ್ದು. ಆಮೇಲೆ ಇವರು ಅದನ್ನು ಮಡಚಿ, ಮೇಲೊಂದು ಬಿಳಿ ಬಟ್ಟೆಯ ಚೀಲ ಹೊಲಿದು, ಅದರೊಳಗೆ ತುಂಬಿ, ಬಾಯಿಯನ್ನು ಒತ್ತೊತ್ತಾಗಿ ಹೊಲಿದರು. ಹಳೆಯ ಕಾಲದ ಪಾರ್ಸೆಲ್!

"ಅಪ್ಪ, ಕೊರಿಯರ್ ಮಾಡುವ. ಬೇಗ ಹೋಗ್ತದೆ" ಎಂದ ಮಗ.

"ಕೊರಿಯರಿನವನಿಗೆ ಅರ್ಜೆಂಟು, ಎಲ್ಲಿಯಾದ್ರೂ ಬಿಸಾಡಿ ಹೋಗ್ತಾನೆ. ಅಂಚೆ ತಡ ಆದ್ರೂ ನಿಯತ್ತು ಉಂಟು. ಖಲಾಸ್!"

ಕಫೀಲ್ ಕಾರಿನ ಕೀ ತೆಗೆದುಕೊಂಡ.

ಅಂಚೆ ಕಚೇರಿಗೆ ನಾನೂ ಹೋಗಿದ್ದೆ. ಕೌಂಟರಿನಲ್ಲಿ ಒಂದು ಒಮಾನಿ ಹುಡುಗಿ. ಬಟ್ಟೆಯ ಗಂಟು ನೋಡಿ ಅವಳಿಗೆ ಆಶ್ಚರ್ಯ. ಇದನ್ನು ರಟ್ಟಿನ ಡಬ್ಬಿಯಲ್ಲಿ ಹಾಕಬೇಕು ಎಂದಳು. ಇವರು ತನ್ನ ಹೊಲಿಗೆ ಯಾರಿಗೂ ಕಾಣದೆ ಹೋಗುತ್ತದಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಒಪ್ಪಿದರು.

"ಬಾಬಾ, ಇಸ್ ಮೇ ಕ್ಯಾ ಹೈ?" ಎಂದು ಅವಳು ಹಿಂದಿಯಲ್ಲಿ ಕೇಳಿದಳು.

"ಬಿಂತ್ ಕಾ ಬಿಂತ್ ಕೇ ಲಿಯೇ!" ಮಗಳ ಮಗಳಿಗೆ ಎಂದು ಇವರು ಅರ್ಧ ಅರಬ್ಬಿ, ಅರ್ಧ ಹಿಂದಿಯಲ್ಲಿ ಕಿರುಚಿದರು. ಸಾಲಿನಲ್ಲಿ ನಿಂತವರೆಲ್ಲ ತಿರುಗಿದರು. ಅವಳು ನಕ್ಕು "ಮಬ್ರೂಕ್, ಬಾಬಾ" ಎಂದು ಶುಭ ಕೋರಿದಳು. ಯಾವಾಗ ತಲುಪುತ್ತದೆ ಎಂದು ಮಗ ಕೇಳಿದ್ದಕ್ಕೆ "ಇನ್ಶಾ ಅಲ್ಲಾ" ಎಂದಳು. ಮಗನಿಗೆ ತಾರೀಕು ಬೇಕಿತ್ತು. ಇವರಿಗೆ ಅಷ್ಟೇ ಸಾಕಾಯಿತು. ಮನೆಗೆ ಬರುವವರೆಗೂ ಕಾರಿನಲ್ಲಿ ಸಿಳ್ಳೆ ಹಾಕುತ್ತಿದ್ದರು!

ಪಾರ್ಸೆಲ್ ಹಾರಿತು. ಕೆನಡಾ ಮುಟ್ಟಿತು. ಅಲ್ಲಿಗೆ ಮುಟ್ಟಿ ನಿಂತಿತು! ಅದು ಎಲ್ಲಿದೆ ಎಂದು ಫೋನಿನಲ್ಲಿ ಕಾಣುತ್ತದಂತೆ. ದಿನಾ ಶಾಲೆಯಿಂದ ಬಂದ ಕೂಡಲೇ ಪುಟ್ಟಿಯನ್ನು ಹಿಡಿದು ಕೂರಿಸುವುದು.

"ಅಜ್ಜಾ, ಸೇಮ್ ಪ್ಲೇಸ್. ಡಿಲೇಡ್. ಬ್ಯಾಡ್ ವೆದರ್" ಎನ್ನುತ್ತಾಳೆ ಅವಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಇಂಗ್ಲಿಷೇ ಹೊರಡುವುದು.

ಇವರು ಬಾಲ್ಕನಿಗೆ ಹೋಗಿ ಆಕಾಶ ನೋಡುತ್ತಾರೆ. ನೀಲಿಯೆಂದರೆ ನೀಲಿ, ಒಂದು ಎಳೆ ಮೋಡವಿಲ್ಲ. "ಎಂಥ ಬ್ಯಾಡ್ ವೆದರ್? ಸುಳ್ಳು!" ಎಂದು ಒಳಗೆ ಬರುತ್ತಾರೆ.

ಕೊನೆಗೆ ಮಗಳು ಅಲ್ಲಿಂದ ವಿಡಿಯೋ ತೋರಿಸಿದಳು. ರಸ್ತೆಯಿಲ್ಲ, ಬೇಲಿಯಿಲ್ಲ, ಕಾರು ಇದ್ದ ಜಾಗದಲ್ಲಿ ಒಂದು ಬಿಳಿ ದಿಬ್ಬ. ಹತ್ತಿ ಅಂಗಡಿಗೆ ಗಾಳಿ ನುಗ್ಗಿದ ಹಾಗೆ! ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಇವರ ತಲೆ ಬೇರೆ ಕಡೆ ಓಡುತ್ತಿತ್ತು. ಮಾರನೆಯ ದಿನ ಸೊಸೆ ಬಂಗುಡೆ ಮೀನು ತೆಗೆಯಲು ಫ್ರೀಜರ್ ತೆರೆದರೆ ಮೀನಿಲ್ಲ! ಮೀನಿನ ಜಾಗದಲ್ಲಿ ಬಿಳಿ ಬಟ್ಟೆಯ ಒಂದು ಗಂಟು.

ಸೊಸೆ ಮೈಸೂರಿನವಳು. ಮೆಲ್ಲಗೆ ಮಾತಾಡುತ್ತಾಳೆ. "ಅತ್ತೆ, ಸ್ವಲ್ಪ ಬನ್ನಿ ಇಲ್ಲಿ. ಮಾವ ಏನನ್ನೋ ಹೂತಿಟ್ಟಿದಾರೆ" ಎಂದಳು.

ಗಂಟಿನೊಳಗೆ ನನ್ನದೇ ಇನ್ನೊಂದು ಹಳೆಯ ಸೀರೆ! ಹಿಮದಲ್ಲಿ ಬಿದ್ದರೆ ಹೊಲಿಗೆ ತಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆಗೆ ಇಟ್ಟಿದ್ದರಂತೆ.

"ಮೀನೆಲ್ಲಿ?" ಎಂದೆ.

"ಅದನ್ನು ಪಕ್ಕದ ಮನೆಯವರ ಫ್ರಿಜ್ಜಿನಲ್ಲಿಟ್ಟೆ."

"ನಿಮ್ಗೆಂತ ಮರ್ಲಾ? ಎಂತ ಹೇಳಿ ಕೊಟ್ರಿ ಅವರಿಗೆ?"

"‘ಕೇಳಿತಾ ಕಳಿಸಿದ್ದು’ ಅಂದೆ."

ಆ ರಾತ್ರಿ ಒಮಾನಿ ಅಮ್ಮ ನಮ್ಮ ಬಂಗುಡೆಯನ್ನು ಮಸಾಲೆ ಹಾಕಿ ಸುಟ್ಟು, ಅನ್ನದ ಮೇಲಿಟ್ಟು, ತಟ್ಟೆ ತುಂಬ ಕಳಿಸಿದಳು. ಕಾಣಿಕೆಯೆಂದು ತಿಳಿದಿದ್ದಳು! ಹೊಲಿಗೆ ಏನಾಯಿತು ಎಂದರೆ, ಒಂದು ಎಳೆಯೂ ಬಿಟ್ಟಿರಲಿಲ್ಲ. ನನ್ನ ಸೀರೆಗೆ ಮಾತ್ರ ಈಗಲೂ ಮೀನಿನ ವಾಸನೆ.

ಹಿಮ ನಿಂತ ಮೇಲೂ ಪಾರ್ಸೆಲ್ ಬರಲಿಲ್ಲ. ಬಿದ್ದ ಹಿಮ ಕರಗಿ, ಮತ್ತೆ ಗಟ್ಟಿಯಾಗಿ, ಮೆಟ್ಟಿಲೆಲ್ಲ ಗಾಜಿನ ಹಾಗೆ ಆಗಿತ್ತಂತೆ. ಮೆಟ್ಟಿಲು ಜಾರುವ ಮನೆಗೆ ಅಂಚೆಯವರು ಹತ್ತುವುದಿಲ್ಲ. ಬಿದ್ದು ಸೊಂಟ ಮುರಿದರೆ ಯಾರು ಗತಿ? ಹಾಗಾಗಿ ಮನೆಯವರು ಮಂಜುಗಡ್ಡೆ ಕೆರೆದು ಉಪ್ಪು ಎರಚಬೇಕು ಎಂದು ಅಳಿಯಂದಿರು ಬಾಯಿತಪ್ಪಿ ಹೇಳಿಬಿಟ್ಟರು. ಇವರ ಕಿವಿಗೆ ಬೀಳಬಾರದ ಮಾತು ಬಿತ್ತು!

ಅಂದಿನಿಂದ ದಿನಾ ಸಂಜೆ, ಅವರಿಗೆ ಬೆಳಗಾಗುವ ಹೊತ್ತಿಗೆ, ಇಲ್ಲಿಂದ ಕಿರುಚು.

"ಅಳಿಯಂದ್ರೇ! ಮೆಟ್ಟಿಲಿಗೆ ಉಪ್ಪು ಹಾಕಿದ್ರಾ?"

"ಹಾಕಿದೆ ಮಾವ."

"ಫೋನು ಕೆಳಗೆ ಹಿಡೀರಿ. ತೋರ್ಸಿ. ಆ ಮೂಲೆ ಯಾಕೆ ಬಿಟ್ಟಿದ್ದು? ಉಪ್ಪಿನಕಾಯಿಗೆ ಮಿಡಿಗೆ ಹಾಕ್ತಾರಲ್ಲ, ಹಾಗೆ ಕೈಬಿಚ್ಚಿ ಹಾಕ್ಬೇಕು!"

ಪಾಪ, ಅಳಿಯಂದಿರು ಬೆಳಗಿನ ಚಳಿಯಲ್ಲಿ, ಕಿವಿ ಮುಚ್ಚಿದ ಟೊಪ್ಪಿಯಲ್ಲಿ, ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಉಪ್ಪು ಹಿಡಿದು ಮಾವನ ಅಪ್ಪಣೆಯಂತೆ ಮೂಲೆ ಮೂಲೆಗೂ ಎರಚುವರು. ನಮ್ಮ ಮನೆಯಲ್ಲಿ ನಮಸ್ಕಾರದ ಬದಲು ಅದೇ ಮಾತಾಯಿತು. ಮಗ ಆಫೀಸಿನಿಂದ ಬಂದರೆ ಪುಟ್ಟಿ ಬಾಗಿಲು ತೆರೆದು, "ಪಪ್ಪಾ, ಉಪ್ಪು ಹಾಕಿದ್ರಾ?" ಎನ್ನುವಳು. ಅವಳ ಬಾಯಿಂದ ಬಂದ ಮೊದಲನೆಯ ಪೂರ್ತಿ ಕನ್ನಡ ಮಾತು ಅದು!

ಆ ದಿನಗಳಲ್ಲಿ ಇವರು ನನ್ನನ್ನು ಮತ್ರಾದ ಕಡಲ ಬದಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಕಟ್ಟೆಯ ಮೇಲೆ ಇಬ್ಬರೂ ಕೂತಿರುವುದು. ಚಳಿಗಾಲಕ್ಕೆ ಎಲ್ಲಿಂದಲೋ ಬೆಳ್ಳನೆಯ ಕಡಲಹಕ್ಕಿಗಳು ಬಂದಿರುತ್ತವೆ. ಯಾರೋ ರೊಟ್ಟಿ ಎಸೆದರೆ ಎಲ್ಲವೂ ಒಟ್ಟಿಗೆ ಮೇಲೇಳುತ್ತವೆ, ತಿರುಗುತ್ತವೆ, ಮೆಲ್ಲಗೆ ನೀರಿಗಿಳಿಯುತ್ತವೆ, ಸದ್ದೇ ಇಲ್ಲ. ಹಿಂದೆ ಬೋಳು ಗುಡ್ಡ, ಸಂಜೆಯ ಬಿಸಿಲಿಗೆ ಬೆಲ್ಲದ ಬಣ್ಣ.

"ಹಿಮ ಬೀಳುವುದು ಹೀಗೆಯೇ ಇರ್ಬಹುದಾ?" ಎಂದು ಕೇಳಿದರು ಒಂದು ದಿನ.

"ನಂಗೆಂತ ಗೊತ್ತು? ನಾನು ನೋಡಿದ್ದೇನಾ?"

"ಅಲ್ಲ, ಹೀಗೆ ಇದ್ರೆ ಬೈಲಿಕ್ಕೆ ಮನಸ್ಸು ಬರುದಿಲ್ಲ."

ನನಗೆ ಅಲ್ಲೇ ಕೂತಲ್ಲಿ ಜೊಂಪು ಹತ್ತಿತು. ನೋಡುತ್ತೇನೆ, ನಮ್ಮ ಪಾರ್ಸೆಲ್ಲಿಗೆ ಕಾಲು ಬಂದಿದೆ! ಟೊಪ್ಪಿ ಹಾಕಿಕೊಂಡು ಬಿಳಿಯ ಬಯಲಿನಲ್ಲಿ ಒಂದೇ ಹೋಗುತ್ತಿದೆ. ಸಿಕ್ಕಿದವರಿಗೆಲ್ಲ ದಾರಿ ಕೇಳುತ್ತಿದೆ, ಊರ ಭಾಷೆಯಲ್ಲಿಯೇ. ಯಾರಿಗೂ ಅರ್ಥವಾಗುವುದಿಲ್ಲ, ಎಲ್ಲರೂ ಕೈ ತೋರಿಸುತ್ತಾರೆ. ಒಳಗಿನಿಂದ ನನ್ನ ಅಮ್ಮ ಮತ್ತು ನನ್ನ ಅತ್ತೆ ಮಾತಾಡುವುದು ಕೇಳುತ್ತದೆ. ಇದ್ದಾಗ ಒಂದು ದಿನ ಸರಿಯಾಗಿ ಮಾತಾಡದವರು, ಒಂದೇ ಹೊದಿಕೆಯೊಳಗೆ ಮೈಗೆ ಮೈ ತಾಗಿಸಿ ಕೂತು, "ಚಳಿ ಉಂಟಲ್ಲ ಅತ್ತಿಗೆ" ಎನ್ನುತ್ತಿದ್ದಾರೆ! ಎಚ್ಚರವಾದಾಗ ಇವರ ಶಾಲು ನನ್ನ ಹೆಗಲ ಮೇಲಿತ್ತು.

ಅಷ್ಟಾದ ಮೇಲೆ ಇವರದು ಹೊಸ ಹಟ. ಈ ಐಸೆಂಬುದನ್ನು ಕಾಲಲ್ಲಿ ಮುಟ್ಟಿ ನೋಡಬೇಕು! ಒಮಾನಿನಲ್ಲಿ ಐಸೆಲ್ಲಿ ಎಂದರೆ, ಜಬಲ್ ಶಮ್ಸ್ ಎಂಬ ಎತ್ತರದ ಬೆಟ್ಟದ ಮೇಲೆ ಚಳಿಗಾಲದ ಬೆಳಿಗ್ಗೆ ಒಮ್ಮೊಮ್ಮೆ ನೀರು ಹೆಪ್ಪುಗಟ್ಟುತ್ತದಂತೆ. ಮಗ ರಜೆಯ ದಿನ ಎಲ್ಲರನ್ನೂ ಕರೆದುಕೊಂಡು ಹೋದ. ಅಲ್ಲಿ ಉಳಿದು ಬೆಳಿಗ್ಗೆ ಎದ್ದರೆ, ಆಡುಗಳಿಗೆ ನೀರಿಡುವ ಕಲ್ಲಿನ ಮರಿಗೆಯಲ್ಲಿ ಗಾಜಿನ ಹಾಗೆ ತೆಳ್ಳಗೆ ಕೆನೆ ಕಟ್ಟಿತ್ತು. ನೀರು ಚೆಲ್ಲಿ ಹರಿದಲ್ಲಿ ಬಂಡೆಯ ಮೇಲೂ. ಇವರು ಚಪ್ಪಲಿ ಬಿಟ್ಟರು. ಬರಿಗಾಲು ಇಟ್ಟರು. ಇಟ್ಟದ್ದಷ್ಟೇ ಗೊತ್ತು! ಮರುಕ್ಷಣ ಇವರು ಕೂತಿದ್ದರು, ಎರಡು ಕಾಲೂ ಆಕಾಶಕ್ಕೆ. ಒಂದು ಆಡು ಹತ್ತಿರ ಬಂದು ಮುಖ ನೋಡಿತು.

ಪೆಟ್ಟಾಗಲಿಲ್ಲ, ದೇವರ ದಯೆ. ನಾವೆಲ್ಲ ನಕ್ಕು ನಕ್ಕು ಸುಸ್ತು. ಇವರು ನಗಲಿಲ್ಲ. ಮರಿಗೆಯಿಂದ ಐಸಿನ ಒಂದು ಬಿಲ್ಲೆ ಎತ್ತಿ, ಸೂರ್ಯನಿಗೆ ಹಿಡಿದು, ಅದರ ಮೂಲಕ ಬಹಳ ಹೊತ್ತು ನೋಡಿದರು. "ಪಾಪ, ಇದರ ಮೇಲೆ ಚೀಲ ಹೊತ್ಕೊಂಡು ನಡೀಬೇಕಲ್ಲ ಅಂಚೆಯವ್ರು" ಎಂದರು. ಆಮೇಲೆ ಆ ಬಿಲ್ಲೆಯನ್ನು ಜೋಪಾನವಾಗಿ ಪ್ಯಾಂಟಿನ ಕಿಸೆಗೆ ಹಾಕಿಕೊಂಡರು. ಬೆಟ್ಟ ಇಳಿಯುವಾಗ ಪುಟ್ಟಿ ಮೆಲ್ಲಗೆ ನನ್ನ ಕಿವಿಯಲ್ಲಿ, "ಅಜ್ಜೀ, ಅಜ್ಜ ನೀಡ್ಸ್ ಎ ಬಾತ್‌ರೂಮ್" ಎಂದಳು. ಕಿಸೆಯ ಕೆಳಗೆ ಸೀಟೆಲ್ಲ ಒದ್ದೆ!

ಆ ದಿನದಿಂದ ಅಂಚೆಯವರಿಗೆ ಬೈಯುವುದು ನಿಂತಿತು. ಉಪ್ಪಿನ ವಿಚಾರಣೆ ಎರಡರಷ್ಟಾಯಿತು.

ಆದರೆ ಅಲ್ಲಿ ಮಗಳಿಗೆ ಕಷ್ಟವಾಗುತ್ತಿತ್ತು. ಅಲ್ಲಿಯ ಸರಕಾರದವರು ಮಗುವಿನ ಹೆಸರು ಕೇಳುತ್ತಿದ್ದರು. ಜೊತೆಯ ನರ್ಸುಗಳು ಕೇಳುತ್ತಿದ್ದರು. ಮಗಳು ಹೆಸರು ಹುಡುಕುವ ಗೋಜಿಗೇ ಹೋಗಿರಲಿಲ್ಲ, "ಅಪ್ಪ ಹೇಳಿದ್ದೇ ಹೆಸರು" ಎಂದು ಮೊದಲೇ ಬಿಟ್ಟುಕೊಟ್ಟಿದ್ದಳು. ಇವರು ಅದನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದರು, ನನಗೂ ಹೇಳಿರಲಿಲ್ಲ. ಒಂದು ಸಂಜೆ ಮಗಳು ನಿದ್ದೆಗೆಟ್ಟ ಕಣ್ಣಿನಲ್ಲಿ ಫೋನಿನ ಮುಂದೆ ಬಂದು ಕೂತು ಅತ್ತುಬಿಟ್ಟಳು. "ಅಪ್ಪ, ನನ್ನ ಮಗುವನ್ನು ಇನ್ನೆಷ್ಟು ದಿನ ‘ಏ ಪಾಪು’ ಅಂತ ಕರೆಯುದು? ಎಲ್ಲರ ಮಕ್ಕಳಿಗೂ ಹೆಸರುಂಟು."

ಇವರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು.

"ಬೇಡ ಮಗಾ, ಕಾಯುದು ಬೇಡ. ಬಟ್ಟೆ ಬಂದಾಗ ಬರ್ಲಿ. ನೀವೇ ಒಳ್ಳೆ ಹೆಸರು ನೋಡಿ ಇಟ್ಟುಬಿಡಿ. ಕ್ರಮ ಎಲ್ಲ ನಮ್ಮದು, ಮಗು ನಿಮ್ಮದು" ಎಂದರು. ಇಷ್ಟು ದಿನ ಕುಣಿದ ಮನುಷ್ಯ ಒಂದೇ ಮಾತಿಗೆ ಎಲ್ಲವನ್ನೂ ಕೆಳಗಿಟ್ಟುಬಿಟ್ಟರು!

ಮಗಳು ಮೂಗು ಒರೆಸಿಕೊಂಡಳು. "ನನ್ನ ಹೆಸರು ನಿಮಗೆ ಯಾವಾಗ ಗೊತ್ತಾದದ್ದು ಅಪ್ಪ?"

ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವೇ. ಅವಳನ್ನು ತೊಟ್ಟಿಲಿಗೆ ಹಾಕಿದಾಗ ಇವರು ಮತ್ರಾದಲ್ಲಿ ಯಾರದೋ ಹಬ್ಬದ ಅಂಗಿ ಹೊಲಿಯುತ್ತಿದ್ದರು. ಊರಲ್ಲಿ ಮಳೆಗಾಲ, ಕಾಗದ ಎಲ್ಲೋ ಕೂತಿತು. ಮಗಳ ಹೆಸರು ಅಪ್ಪನಿಗೆ ಮುಟ್ಟುವಾಗ ಮಗಳಿಗೆ ಕುತ್ತಿಗೆ ನಿಂತಿತ್ತು. ಅಷ್ಟು ದಿನವೂ ದಿನಾ ಬೆಳಿಗ್ಗೆ ಆ ಜೇನುಗೂಡಿನ ಪೆಟ್ಟಿಗೆ ತೆರೆದು, ಖಾಲಿ ನೋಡಿ, ಮುಚ್ಚಿ ಬಂದವರು ಇವರು.

"ನೀವು ಕಾದಿದ್ರಲ್ಲ, ನಾನೂ ಕಾಯ್ತೇನೆ. ಸರಕಾರದವ್ರೂ ಕಾಯ್ಲಿ" ಎಂದಳು ಮಗಳು. ಆಮೇಲೆ ಅಳುತ್ತಲೇ ನಕ್ಕು, ಗಂಡನ ಕಡೆ ತಿರುಗಿ, "ರೀ, ಮೆಟ್ಟಿಲಿಗೆ ಉಪ್ಪು ಹಾಕಿದ್ರಾ?"

ನಿನ್ನೆ ಬೆಳಿಗ್ಗೆ ನಾನು ಚಾಕ್ಕೆ ನೀರಿಡುತ್ತಿದ್ದೆ. ಇವರ ಫೋನಿಗೆ ಅಳಿಯಂದಿರ ದನಿ ಬಂದು ಬಿತ್ತು. ಅಷ್ಟು ಮೆತ್ತನೆಯ ಮನುಷ್ಯ, ನಿನ್ನೆ ಮಾವನಿಗಿಂತ ಜೋರಾಗಿ ಕಿರುಚಿದ್ದರು.

"ಮಾವಾ! ಉಪ್ಪು ಕೆಲಸ ಮಾಡಿತು!"

ಇವರು ಬನಿಯನಿನಲ್ಲೇ ಹೊರಗೋಡಿ, ಪಕ್ಕದ ಮನೆಯ ಬಾಗಿಲು ಬಡಿದು, "ಪಾರ್ಸೆಲ್! ಪಾರ್ಸೆಲ್!" ಎಂದರು. ಒಮಾನಿ ಅಮ್ಮ ನಮಗೇ ತಿನ್ನಲು ಏನಾದರೂ ಪಾರ್ಸೆಲ್ ಬೇಕೇನೋ ಎಂದು ಒಂದು ಡಬ್ಬಿ ಖರ್ಜೂರ ಕೊಟ್ಟಳು!

ಅಲ್ಲಿ ಆಗ ರಾತ್ರಿ, ಬೆಳಗಾಗುವುದನ್ನು ಕಾಯಬೇಕಿತ್ತು. ದಿನವಿಡೀ ನಾನೂ ಸೊಸೆಯೂ ಅಡುಗೆ ಮಾಡಿದೆವು. ಕಡಲೆಬೇಳೆ ಪಾಯಸ, ಸೌತೆಕಾಯಿ ಹುಳಿ, ಪಲ್ಯ, ಹಪ್ಪಳ, ಸಾರು. ಸಂಜೆ ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ, ಫೋನನ್ನು ಗೋಡೆಗೆ ಒರಗಿಸಿ ಕೂತೆವು. ಅಲ್ಲಿ ಮಗಳು ಡಬ್ಬಿ ಒಡೆದು ಬಿಳಿ ಗಂಟು ಹೊರಗೆ ತೆಗೆದಳು. ಅಳಿಯಂದಿರು ಕತ್ತರಿ ತಂದರು.

"ಕತ್ತರಿ ಹಾಕ್ಬೇಡಿ! ಹೊಲಿಗೆ ಬಿಚ್ಚಿ!"

ಬಿಚ್ಚಿದರು, ಒಂದೊಂದೇ ಎಳೆ. ಒತ್ತೊತ್ತಾದ ಹೊಲಿಗೆ, ಅವರ ಚಾ ಆರಿತು, ನಮ್ಮ ಹಪ್ಪಳ ಮೆತ್ತಗಾಯಿತು. "ಎಂಥ ಹೊಲಿಗೆ ಮಾರಾಯ್ರೇ!" ಎಂದು ಇವರು ತನ್ನನ್ನೇ ಹೊಗಳಿಕೊಂಡರು. ಕೊನೆಗೆ ಗಂಟು ಬಾಯಿಬಿಟ್ಟಿತು. ಮಗಳು ಮುಖವನ್ನೇ ಅದರೊಳಗೆ ಹುದುಗಿಸಿ ಹಾಗೇ ಇದ್ದಳು. "ಅಮ್ಮ, ಲೋಬಾನ" ಎಂದಳು, ದನಿ ಒಳಗಿನಿಂದ ಬಂತು. ಅವಳ ಹಿಂದೆ ಕಿಟಕಿಯಲ್ಲಿ ಹಿಮ ಬೀಳುತ್ತಿತ್ತು, ಕಡಲಹಕ್ಕಿಗಳು ಇಳಿದ ಹಾಗೆಯೇ, ಸದ್ದಿಲ್ಲದೆ.

ಮಗುವನ್ನು ಸುತ್ತಿ ಮಲಗಿಸಿದರು. ಮೂರು ಅಜ್ಜಿಯರ ಸೀರೆ! ಮಗು ಕೈಯಾಡಿಸಿತು, ಕುಚ್ಚು ಸಿಕ್ಕಿತು, ಗಟ್ಟಿಯಾಗಿ ಹಿಡಿದುಕೊಂಡಿತು. ಮಗಳು ಫೋನನ್ನು ಮಗುವಿನ ಕಿವಿಯ ಹತ್ತಿರ ಇಟ್ಟಳು. "ಹೇಳಿ ಅಪ್ಪ."

ನಾವೆಲ್ಲ ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದೆವು. ಇವರು ಕಿರುಚಿದರೆ ಮಗು ಹೆದರಿ ಅಳುವುದು ಖಂಡಿತ ಎಂದು ಸೊಸೆ ನನ್ನ ತೋಳು ಹಿಡಿದಳು. ಇವರು ಬಗ್ಗಿದರು. ಕೈಗಳನ್ನು ಬಾಯಿಯ ಸುತ್ತ ಹಿಡಿದರು. ಎಷ್ಟು ಮೆಲ್ಲಗೆ ಹೇಳಿದರೆಂದರೆ, ಪಕ್ಕದಲ್ಲಿದ್ದ ನನಗೂ ಉಸಿರು ಮಾತ್ರ ಕೇಳಿತು. ಸಮುದ್ರ ದಾಟಿ ಮಾತಾಡಲು ಇವರು ಕಿರುಚದೇ ಇದ್ದದ್ದು ಅದೇ ಮೊದಲು. ಮಗು ಬಾಯಿಂದ ಮುಷ್ಟಿ ತೆಗೆದು ನಕ್ಕಿತು.

"ಎಂತ ಹೆಸರು ಅಪ್ಪ? ನಮಗೆ ಕೇಳ್ಲೇ ಇಲ್ಲ!" ಎಂದ ಮಗ.

"ಅವಳಿಗೆ ಕೇಳಿತಲ್ಲ!"

"ಅಜ್ಜಾ, ನಾಟ್ ಫೇರ್!" ಎಂದು ಪುಟ್ಟಿ ಇವರ ಬೆನ್ನಿಗೆ ಗುದ್ದಿದಳು. ಹಿಮವಲ್ಲಿಯೋ ಹಿಮಾನಿಯೋ ಎಂದು ಮಗ ಹಾಸ್ಯ ಮಾಡಿದ. ಇವರು ನೆಟ್ಟಗೆ ಕೂತರು. ಗಂಟಲು ಸರಿಮಾಡಿಕೊಂಡರು. ನನ್ನ ಕಡೆ ಒಮ್ಮೆ ನೋಡಿ, ಬೇಗನೆ ಗೋಡೆಯ ಕಡೆ ನೋಡಿ, ಹೆಸರನ್ನು ಗಟ್ಟಿಯಾಗಿ ಹೇಳಿದರು.

ನನ್ನ ಹೆಸರು!

ಕವರಿನ ಮೇಲೆ ಬರೆಯುತ್ತಿದ್ದ ಅದೇ ಹೆಸರು. ಇವರ ಬಾಯಿಂದ ಅದು ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು, ಕುಚ್ಚಿನ ತುದಿಯ ಹಾಗೆ ಮೆತ್ತಗೆ ಬಿಡುತ್ತಾರೆ. ಮಗಳು ಅಲ್ಲಿ ಅಳುತ್ತಿದ್ದಳು, ಸೊಸೆ ಇಲ್ಲಿ. "ಅತ್ತೆ, ಇನ್ನು ಆ ಮಗೂನ ಬಯ್ಯೋದು ಹೇಗೆ?" ಎಂದಳು. ನಾನು ಕಣ್ಣೊರೆಸಲು ಸೆರಗು ಎಲ್ಲಿದೆ ಎಂದು ಹುಡುಕಿದೆ, ಕೈಯಲ್ಲೇ ಇತ್ತು.

"ಯಲ್ಲಾ, ಊಟ!" ಎಂದ ಮಗ.

ಬಾಳೆಲೆ ಹಾಕಿದೆವು. ಫೋನಿನಲ್ಲಿ ಮಗಳೂ ಅಳಿಯಂದಿರೂ ತಟ್ಟೆ ಹಿಡಿದು ಕೂತರು, ಅವರದು ಬೆಳಗಿನ ದೋಸೆ, ನಮ್ಮದು ರಾತ್ರಿಯ ಅನ್ನ. ಪಕ್ಕದ ಮನೆಯ ಅಮ್ಮನೂ ಬಂದು ಪುಟ್ಟಿಯ ಪಕ್ಕ ಕಾಲು ಮಡಚಿ ಕೂತು, ಮಗುವಿನ ಹೆಸರೇನೆಂದು ಕೇಳಿದಳು. ಪುಟ್ಟಿ ಹೇಳಿದಳು. ಅವಳು ಒಳ್ಳೆಯ ಹೆಸರು ಎಂದು ಮೆಚ್ಚಿ, ನನ್ನ ಕಡೆ ತಿರುಗಿ, ಪಾಯಸ ಬಹಳ ಚೆನ್ನಾಗಿದೆ ಕೇಳಿತಾ, ಎಂದಳು.

ಸಾರು ಬಡಿಸಿ ನಾನೂ ಕೂತೆ. ಒಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪೇ ಇಲ್ಲ! ಸುತ್ತ ನೋಡಿದೆ. ಮಗ ತಲೆ ತಗ್ಗಿಸಿ ಉಣ್ಣುತ್ತಿದ್ದ. ಸೊಸೆ ತುಟಿ ಕಚ್ಚಿ ನಗು ತಡೆದಿದ್ದಳು. ಪುಟ್ಟಿ ಬಾಯಿ ತೆರೆದಳು, ಅವಳಮ್ಮ ಅದಕ್ಕೆ ಹಪ್ಪಳ ತುರುಕಿದಳು. ಈ ಚಳಿಗಾಲವಿಡೀ ಉಪ್ಪು ಹಾಕಿದ್ರಾ, ಉಪ್ಪು ಹಾಕಿದ್ರಾ ಎಂದು ಜೀವ ತಿಂದ ಮನುಷ್ಯ, ಫೋನಿನೊಳಗೆ ಕುಚ್ಚು ಹಿಡಿದು ಮಲಗಿದ ಮಗುವನ್ನು ನೋಡುತ್ತಾ, ಸೊರ್ ಸೊರ್ ಎಂದು ಅದೇ ಸಾರನ್ನು ಸುರಿಯುತ್ತಿದ್ದರು. ಮುಗಿಸಿ, ಕಣ್ಣು ತೆಗೆಯದೆ ಎಲೆ ಮುಂದೆ ಸರಿಸಿದರು.

"ಕೇಳಿತಾ, ಇನ್ನೊಂದು ಸೌಟು ಹಾಕು."

ಹಾಕಿದೆ.